ಒಳಕ್ಕೆ ಹೋಗದ ಬೆಲ್ಟು

ಬೆಲ್ಟು ಒಳಕ್ಕೆ ಹೋಗಲೇ ಇಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಬೆಚ್ಚಿ ಮತ್ತೊಮ್ಮೆ ಮೆಲ್ಲಗೆ ಎಳೆದು ಬಿಟ್ಟು ನೋಡಿದಳು. ಬೇರೆ ಕಾರುಗಳಲ್ಲಾದರೆ ಸೀಟ್ ಬೆಲ್ಟು ಸರ್ರನೆ ಓಡಿಹೋಗಿ ತನ್ನ ಗೂಡು ಸೇರಿಕೊಳ್ಳುತ್ತದೆ. ಇದು ಮಾತ್ರ ಉಂಡು ಮಲಗಿದ ಹಾವಿನ ಹಾಗೆ ಅವಳ ತೊಡೆಯ ಮೇಲೆ ಸುರುಳಿ ಸುತ್ತಿ ಬಿದ್ದುಕೊಂಡಿತು.

ಮುರಿದೇಬಿಟ್ಟೆ! ಅದೂ ಇನ್ನೂ ಕೊಂಡೇ ಇಲ್ಲದ ಕಾರನ್ನು!

ಕಿಟಕಿಯಾಚೆ ಅಪ್ಪ ಕಾರಿಗೆ ಪ್ರದಕ್ಷಿಣೆ ಹಾಕುತ್ತಿದ್ದ. ಅವನ ಕೆಲಸ ಬೇಕರಿಯಲ್ಲಿ. ಬ್ರೆಡ್ಡು ಬೆಂದಿದೆಯೋ ಇಲ್ಲವೋ ಎಂದು ತಳಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳುವುದು ಅವನ ಅಭ್ಯಾಸ. ಈಗ ಕಾರಿನ ಬಾನೆಟ್ಟನ್ನೂ ಹಾಗೆಯೇ ಟಕಟಕ ತಟ್ಟಿ, ಗಂಭೀರವಾಗಿ ತಲೆಯಾಡಿಸಿದ.

“ಬೆಂದಿದೆಯಂತಾ?” ಎಂದ ಪಕ್ಕದ ಸೀಟಿನಲ್ಲಿದ್ದ ಅಣ್ಣ.

ಬೆಚ್ಚಿಗೆ ನಗು ಬರಲಿಲ್ಲ. ಅವಳು ಬೆಲ್ಟಿನ ಸುರುಳಿಯನ್ನು ಮೆಲ್ಲಗೆ ಸರಿಸಿ, ಅದರ ಮೇಲೆಯೇ ಕೂತುಬಿಟ್ಟಳು.

ಬೆಚ್ಚಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಬಾಗಿಲು ದಡ್ ಎಂದರೆ ಬೆಚ್ಚುತ್ತಾಳೆ, ಕುಕ್ಕರ್ ಕೂಗಿದರೆ ಬೆಚ್ಚುತ್ತಾಳೆ, ಹಿಂದಿನಿಂದ ಯಾರಾದರೂ ಸೀನಿದರೂ ಬೆಚ್ಚುತ್ತಾಳೆ ಎಂದು ಅಣ್ಣ ಇಟ್ಟದ್ದು. ಮೊದಲು ಅವಳು ಹೀಗಿರಲಿಲ್ಲ. ಎಲ್ಲಾ ಶುರುವಾದದ್ದು ಹಳೇ ಕಾರಿನಿಂದ.

ಒಂದು ದಿನ ಅಮ್ಮ ಅವಳನ್ನು ಕೂರಿಸಿಕೊಂಡು ಬರುವಾಗ ಆ ಕಾರು ಉದ್ದದ ಸೇತುವೆಯ ಸರಿಯಾಗಿ ನಡುಮಧ್ಯದಲ್ಲಿ ನಿಂತುಹೋಯಿತು. ಅಮ್ಮ ಕೀ ತಿರುಗಿಸಿದಳು. ಕಾರು ಕೆಮ್ಮಿತು, ಅಷ್ಟೇ. ಮತ್ತೆ ತಿರುಗಿಸಿದಳು. ಹಿಂದಿನಿಂದ ಬಂದ ಲಾರಿಗಳು ಭೋಂ ಎಂದು ಕೂಗುತ್ತ, ಕನ್ನಡಿಗೆ ತಾಗಿತೋ ತಾಗಲಿಲ್ಲವೋ ಅನ್ನುವಷ್ಟು ಹತ್ತಿರ ಹಾದುಹೋದವು. ಒಂದೊಂದು ಲಾರಿಗೂ ಕಾರು ಗಡಗಡ ನಡುಗಿತು. ಕೆಳಗೆ ನೀರು. ಆವತ್ತಿನಿಂದ ಯಾವ ಗಾಡಿ ಹತ್ತಿದರೂ ಸರಿ, ಬೆಲ್ಟನ್ನು ಕೊನೆಯವರೆಗೂ ಎಳೆದು, ಗಟ್ಟಿಯಿದೆಯೇ ಎಂದು ನೋಡದೆ ಬೆಚ್ಚಿ ಕೂರುವುದಿಲ್ಲ.

ಅಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ಆಸ್ಪತ್ರೆ ಇರುವುದು ಸೇತುವೆಯ ಆ ಕಡೆ. ಮೊದಲ ಬಸ್ಸು ಹೊರಡುವಷ್ಟರಲ್ಲಿ ಅವಳ ಡ್ಯೂಟಿ ಶುರುವಾಗಿರುತ್ತದೆ. ಆ ಹೊತ್ತಿಗೆ ಅಪ್ಪ ಬೇಕರಿಯ ಒಲೆಯ ಮುಂದೆ ಇರುತ್ತಾನೆ, ಅವಳನ್ನು ಬಿಟ್ಟುಬರಲಾರ. ಹಾಗಾಗಿ ಕಾರು ಬೇಕೇ ಬೇಕು.

“ನೋಡೋಕೆ ಚೆನ್ನಾಗಿರೋದೇನೂ ಬೇಡ,” ಎಂದು ಅಮ್ಮ ಹಿಂದಿನ ರಾತ್ರಿಯೇ ಅಪ್ಪನಿಗೆ ಹೇಳಿಟ್ಟಿದ್ದಳು. “ಪೆಟ್ರೋಲ್ ಕಮ್ಮಿ ಕುಡೀಬೇಕು. ತಿಂಗಳಿಗೊಂದ್ಸಲ ಗ್ಯಾರೇಜಿಗೆ ಹೋಗಿ ಮಲ್ಕೋಬಾರ್ದು. ನಡುದಾರೀಲಿ ಕೈ ಕೊಡಬಾರ್ದು. ಅಷ್ಟಿದ್ರೆ ಬಣ್ಣ ಬದನೆಕಾಯಿದಾದ್ರೂ ಪರವಾಗಿಲ್ಲ.”

ಈಗ ಸಿಕ್ಕಿರುವ ಕಾರಿನ ಬಣ್ಣವೇನೋ ಬೆಳ್ಳಿಯದು, ಫಳಫಳ. ಸಮಸ್ಯೆ ಬೆಚ್ಚಿ ಕೂತಿದ್ದ ಜಾಗದ ಕೆಳಗಿತ್ತು.

“ಗಾಡಿ ಅಲ್ಲ ಸಾರ್ ಇದು, ಬೆಣ್ಣೆ!” ಎಂದ ಕಾರು ಮಾರುವವನು. ಅವನ ಅಂಗಳದ ತುಂಬ ಹಳೇ ಕಾರುಗಳು ಬಿಸಿಲು ಕಾಯಿಸುತ್ತಿದ್ದವು. ಈ ಕಾರಿನೊಳಗೆ ಅವನು ಒಂದಲ್ಲ ಎರಡಲ್ಲ, ಮೂರು ಸೆಂಟಿನ ಡಬ್ಬಿ ತೂಗುಹಾಕಿದ್ದ. ಅದಕ್ಕೇ ಅಣ್ಣ ಬಂದ ಎರಡೇ ನಿಮಿಷದಲ್ಲಿ ಅವನಿಗೆ ಸೆಂಟ್ ಮಾಮ ಎಂದು ಹೆಸರಿಟ್ಟಾಗಿತ್ತು. “ಒಬ್ರೇ ಓನರ್ ಸಾರ್, ಡಾಕ್ಟ್ರು. ವಾರಕ್ಕೊಂದ್ಸಲ ಹೊರಗೆ ತೆಗೀತಿದ್ರು, ಅದೂ ಒರೆಸೋದಕ್ಕೆ! ಮೈಲೇಜ್ ಮಾತ್ರ ಕೇಳ್ಬೇಡಿ. ಪೆಟ್ರೋಲಿನ ವಾಸನೆ ತೋರಿಸಿದ್ರೆ ಸಾಕು, ಓಡುತ್ತೆ.”

“ಹೌದೌದು,” ಎಂದು ಅಪ್ಪ ಜೋರಾಗಿ ನಕ್ಕ.

“ಗಾಡಿ ಅಲ್ಲ ಸಾರ್, ಬೆಣ್ಣೆ,” ಎಂದು ಅಣ್ಣ ಅದೇ ಗಂಟಲಿನಲ್ಲಿ, ಅವನಂತೆಯೇ ಹುಬ್ಬು ಕುಣಿಸಿ ಪಿಸುಗುಟ್ಟಿದ. “ಒಂಚೂರು ಬನ್ನಿಗೆ ಹಚ್ಚಿ ಕೊಡ್ಲಾ?”

ಬೆಚ್ಚಿಗೆ ಬನ್ನು ಬೇಕಿರಲಿಲ್ಲ. ಮೂರು ಸೆಂಟುಗಳ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಒಣಗಿಸದೆ ಮೂಲೆಗೆ ಬಿಸಾಕಿದ ನೆಲ ಒರೆಸುವ ಬಟ್ಟೆಯ ವಾಸನೆ.

“ಬನ್ನಿ ಸಾರ್, ಒಂದು ರೌಂಡ್ ಹೊಡ್ಕೊಂಡು ಬರೋಣ,” ಎಂದ ಸೆಂಟ್ ಮಾಮ.

ಅಪ್ಪ ಸ್ಟಿಯರಿಂಗ್ ಹಿಡಿದ. ಸೆಂಟ್ ಮಾಮ ಅವನ ಪಕ್ಕ ಕೂತ, ಬೆಲ್ಟು ಹಾಕಲಿಲ್ಲ. “ಇಲ್ಲೇ ತಾನೇ?” ಎಂದ. ಕಾರು ಅಂಗಳ ದಾಟಿ ರಸ್ತೆಗಿಳಿಯಿತು. ಬೆಚ್ಚಿ ಒಂದು ಕೈಯಲ್ಲಿ ಮುಂದಿನ ಸೀಟು ಹಿಡಿದು, ಇನ್ನೊಂದು ಕೈಯಲ್ಲಿ ಹೊರಗೆ ಇಣುಕುತ್ತಿದ್ದ ಬೆಲ್ಟಿನ ಬಾಲವನ್ನು ತೊಡೆಯಡಿಗೆ ತುರುಕಿದಳು.

ಸಿಗ್ನಲ್ ಕೆಂಪಾಯಿತು. ಕಾರು ನಿಂತಿತು. ಹಸಿರಾಯಿತು. ಕಾರು ನಿಂತೇ ಇತ್ತು.

ಕ್ಹು... ಕ್ಹು... ಕ್ಹು...

ಅದೇ ಕೆಮ್ಮು! ಹಿಂದೆ ಒಂದು ಲಾರಿ ಭೋಂ ಎಂದಿತು. ಬೆಚ್ಚಿ ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣೊಳಗೆ ಸೇತುವೆ ಕಾಣಿಸಿತು, ಕೆಳಗಿನ ನೀರು ಕಾಣಿಸಿತು. ಥಟ್ಟನೆ ಕಣ್ಣು ತೆರೆದಳು.

ಸ್ಟಿಯರಿಂಗಿನ ಹಿಂದೆ ಒಂದು ಹಳದಿ ದೀಪ ಪಕ್ ಎಂದು ಹೊತ್ತಿ, ತಾನಾಗಿಯೇ ಆರಿತು. ಅಪ್ಪ ಮತ್ತೊಂದು ಸಲ ಕೀ ತಿರುಗಿಸಿದಾಗ ಕಾರು ಗೊರಗೊರ ಎಂದು ಎದ್ದಿತು.

“ಕ್ಲಚ್ ಬೇಗ ಬಿಟ್ರಿ ಸಾರ್,” ಎಂದ ಸೆಂಟ್ ಮಾಮ. “ಗಾಡಿದೇನೂ ತಪ್ಪಿಲ್ಲ.”

“ಹೌದೌದು, ನಂದೇ ತಪ್ಪು,” ಎಂದ ಅಪ್ಪ. “ಬೇಕರಿ ಕಾಲು ನೋಡಿ.” ಮತ್ತೆ ಜೋರಾಗಿ ನಕ್ಕ.

ಆಗ ಅಣ್ಣ ಬೆಚ್ಚಿಯ ಕಡೆ ಬಗ್ಗಿದ. “ಏನೇ ಅದು, ನಿನಗೆ ಬಾಲ ಬಂದಿದೆ?”

“ಶ್!” ಬೆಚ್ಚಿ ಅವನ ತೊಡೆ ಚಿವುಟಿದಳು. “ಬೆಲ್ಟು ಕಣೋ. ಒಳಗೆ ಹೋಗ್ತಿಲ್ಲ. ಮುರಿದ್ಹೋಯ್ತು.”

ಅಣ್ಣನ ಕಣ್ಣು ಬೋಂಡದಷ್ಟಾಯಿತು. “ಸತ್ವಿ! ಆ ಮಾಮ ಈಗ ಅಪ್ಪನ್ನ ಬಿಡಲ್ಲ. ಮುರಿದೋರೇ ತಗೊಳ್ಳಿ ಅಂತಾನೆ.”

“ನಿಂದು ಹೋಗುತ್ತಾ ನೋಡು.”

ಅಣ್ಣ ತನ್ನ ಬೆಲ್ಟು ಬಿಚ್ಚಿ ಕೊನೆಯವರೆಗೂ ಎಳೆದು ಬಿಟ್ಟ. ಅದೂ ಸುಮ್ಮನೆ ಅವನ ಮಡಿಲಲ್ಲಿ ಬಿದ್ದುಕೊಂಡಿತು.

“ಅಯ್ಯಯ್ಯೋ, ನಾನೂ ಮುರಿದೆ!”

ಒಂದು ಕ್ಷಣ ಇಬ್ಬರೂ ಪೆಚ್ಚಾಗಿ ಮುಖ ಮುಖ ನೋಡಿಕೊಂಡರು. ಆಮೇಲೆ ಬೆಚ್ಚಿಗೆ ಅಣ್ಣನ ಬೆಲ್ಟಿನ ಮೇಲೆ ಏನೋ ಕಾಣಿಸಿತು. ಯಾವಾಗಲೂ ಒಳಗೇ ಅಡಗಿರುವ ಭಾಗದಲ್ಲಿ, ಅಡ್ಡಕ್ಕೆ, ಕಂದು ಬಣ್ಣದ ಒಂದು ಗೆರೆ. ಗೆರೆಯಿಂದ ಹೊರಭಾಗದ ಬಟ್ಟೆ ಕಪ್ಪಗೆ ನುಣ್ಣಗಿತ್ತು. ಗೂಡಿನ ಕಡೆಗೆ ಮಾಸಲು, ಮುಟ್ಟಿದರೆ ಒರಟೊರಟು.

ಅವಳು ಮೆಲ್ಲಗೆ ಎದ್ದು ತಾನು ಕೂತಿದ್ದ ಬೆಲ್ಟನ್ನು ಎಳೆದು ಪಕ್ಕದಲ್ಲಿಟ್ಟು ನೋಡಿದಳು. ಅದರಲ್ಲೂ ಗೆರೆ. ಅಷ್ಟೇ ದೂರಕ್ಕೆ.

ಇಂಥ ಗೆರೆಯನ್ನು ಅವಳು ಎಲ್ಲೋ ನೋಡಿದ್ದಳು. ಎಲ್ಲಿ? ಹಾಂ, ಶಾಲೆಯ ಲೈಬ್ರರಿ ಗೋಡೆಯ ಮೇಲೆ! ಹೋದ ವರ್ಷದ ದೊಡ್ಡ ಮಳೆಗೆ ಒಳಗೆ ನೀರು ನುಗ್ಗಿ, ಮೂರು ದಿನ ನಿಂತು, ಇಳಿದ ಮೇಲೆ ನಾಲ್ಕೂ ಗೋಡೆಗೆ ಒಂದೇ ಎತ್ತರದಲ್ಲಿ ಇಂಥದೇ ಗೆರೆ ಬಿದ್ದಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಹೋಗಿರಲಿಲ್ಲ.

ಹಾಗಾದರೆ ಬೆಲ್ಟು ಮುರಿದದ್ದು ಅವಳಲ್ಲ, ನೀರು. ಬೆಚ್ಚಿಗೆ ಹಾಯೆನಿಸಬೇಕಿತ್ತು. ಅನಿಸಲಿಲ್ಲ. ಮೊದಲು ಬೈಗುಳಕ್ಕೆ ಮಾತ್ರ ಹೆದರಿದ್ದಳು. ಈಗ ಕಾರಿಗೇ ಹೆದರಿಕೆಯಾಗತೊಡಗಿತು.

ಕಾರು ಮತ್ತೆ ಅಂಗಳಕ್ಕೆ ಬಂದು ನಿಂತಿತು. ಸೆಂಟ್ ಮಾಮ ಇಳಿದವನೇ ಕೈ ಉಜ್ಜಿಕೊಂಡ. “ನಿಧಾನ ಮಾಡಿ ಸಾರ್, ನಂದೇನೂ ಅವಸರ ಇಲ್ಲ. ಆದ್ರೆ ಸಂಜೆಗೆ ಇನ್ನೊಂದು ಪಾರ್ಟಿ ಬರ್ತಾ ಇದೆ. ಸಣ್ಣದೊಂದು ಅಡ್ವಾನ್ಸ್ ಹಾಕಿಬಿಡಿ, ಗಾಡಿ ನಿಮ್ದೇ.”

“ಸರಿ ಹಾಗಾದ್ರೆ,” ಎಂದು ಅಪ್ಪನೂ ಇಳಿದು, ದುಡ್ಡು ಕಳಿಸಲು ಜೇಬಿನಿಂದ ಫೋನ್ ತೆಗೆದ.

“ಹೇಳೋ,” ಎಂದು ಬೆಚ್ಚಿ ಅಣ್ಣನನ್ನು ತಿವಿದಳು.

“ನೀನು ಹೇಳು.”

“ನೀನೇ ದೊಡ್ಡೋನು.”

ಹೆಡ್‌ಮಾಸ್ಟರರ ಗಂಟಲು, ಸೆಂಟ್ ಮಾಮನ ಗಂಟಲು, ಪಕ್ಕದ ಮನೆ ಬೆಕ್ಕಿನ ಗಂಟಲು, ಎಲ್ಲವೂ ಅಣ್ಣನ ಬಾಯಲ್ಲಿ ಇರುತ್ತಿದ್ದವು. ಈಗ ಅವನ ಸ್ವಂತ ಗಂಟಲೇ ಎತ್ತಲೋ ಮಾಯವಾಗಿತ್ತು.

ಅಪ್ಪನ ಹೆಬ್ಬೆರಳು ಫೋನಿನ ಮೇಲೆ ಓಡಾಡುತ್ತಿತ್ತು. ಬೆಚ್ಚಿಯ ಮನಸ್ಸಿನಲ್ಲಿ ಅಮ್ಮ ಕಂಡಳು. ಇನ್ನೂ ಬೆಳಕು ಹರಿಯದ ಹೊತ್ತು. ಸೇತುವೆಯ ನಡುವೆ ನಿಂತ ಕಾರು. ಒಳಗೆ ಅಮ್ಮ ಒಬ್ಬಳೇ ಕೀ ತಿರುಗಿಸುತ್ತಿದ್ದಾಳೆ. ಮತ್ತೆ ತಿರುಗಿಸುತ್ತಿದ್ದಾಳೆ.

“ಅಪ್ಪಾ,” ಎಂದಳು ಬೆಚ್ಚಿ. ಅದು ಅವಳಿಗೇ ಕೇಳಿಸಲಿಲ್ಲ. ಕಾರಿನಿಂದ ಇಳಿದು ಇನ್ನೊಮ್ಮೆ ಕೂಗಿದಳು. “ಅಪ್ಪಾ! ಬೆಲ್ಟು ಒಳಗೆ ಹೋಗ್ತಿಲ್ಲ.”

ಸೆಂಟ್ ಮಾಮ ಬಗ್ಗಿ ಹಿಂದಿನ ಸೀಟು ನೋಡಿದ. ಅವನ ದನಿಯಲ್ಲಿದ್ದ ಬೆಣ್ಣೆ ಪೂರಾ ಕರಗಿತು.

“ಏನಮ್ಮಾ, ಎಳೆದೂ ಎಳೆದೂ ಹಾಳು ಮಾಡ್ಬಿಟ್ಯಾ? ನೋಡಿ ಸಾರ್, ಮಕ್ಕಳನ್ನ ಹತ್ತಿಸಬೇಡಿ ಅನ್ನೋದು ಇದಕ್ಕೇ!”

“ಅಯ್ಯೋ, ಸಾರಿ... ಮಗು, ಗೊತ್ತಾಗಲಿಲ್ಲ...” ಅಪ್ಪ ತಡವರಿಸಿದ.

“ಅದರ ಮೇಲೆ ಗೆರೆ ಇದೆ,” ಎಂದಳು ಬೆಚ್ಚಿ.

“ಚಾಕ್ಲೇಟ್ ತಿಂದ ಕೈ ಒರೆಸಿದ್ರೆ ಗೆರೆ ಬೀಳದೆ ಇನ್ನೇನು ರಂಗೋಲಿ ಬೀಳುತ್ತಾ?”

ಸಿಗ್ನಲಿನಲ್ಲಿ ತಪ್ಪು ಅಪ್ಪನದಾಗಿತ್ತು. ಈಗ ತಪ್ಪು ಅವಳದು. ಈ ಮಾಮನ ಕಾರು ಮಾತ್ರ ಎಂದೂ ಏನೂ ತಪ್ಪು ಮಾಡುವುದಿಲ್ಲ!

ಬೆಚ್ಚಿ ಕಾರನ್ನು ಸುತ್ತಿಕೊಂಡು ಹೋಗಿ ಮುಂದಿನ ಬಾಗಿಲು ತೆರೆದಳು. ಸೆಂಟ್ ಮಾಮ ಕೂತಿದ್ದ ಸೀಟು. ಅವನು ಮುಟ್ಟದೆ ಬಿಟ್ಟಿದ್ದ ಬೆಲ್ಟು. ಅದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕಿರ್ರ್ ಎನ್ನುತ್ತ ಬಂತು. ಕೊನೆಯವರೆಗೂ ಬಂತು. ಒಂದು ಚಿಟಿಕೆ ಮರಳು ಅವಳ ಅಂಗೈ ಮೇಲೆ ಉದುರಿತು.

ಗೆರೆ ಇತ್ತು. ಅಷ್ಟೇ ದೂರಕ್ಕೆ.

ಅವಳು ಬೆಲ್ಟನ್ನು ಎತ್ತಿ ಹಿಡಿದು ನಿಂತಳು.

ಅಪ್ಪ ಫೋನನ್ನು ಜೇಬಿಗಿಟ್ಟು ಹತ್ತಿರ ಬಂದ. ಮುಂದಿನ ಬೆಲ್ಟು ನೋಡಿದ, ಹಿಂದಿನ ಎರಡನ್ನೂ ನೋಡಿದ. ಕೆಳಗೆ ಹಾಸಿದ್ದ ಮ್ಯಾಟಿನ ತುದಿ ಎತ್ತಿ, ಅಡಿಯ ಕಾರ್ಪೆಟ್ಟಿಗೆ ಅಂಗೈ ಊರಿದ. ಅಂಗೈ ಒದ್ದೆಯಾಯಿತು. ನೆಲ ಒರೆಸುವ ಬಟ್ಟೆಯ ವಾಸನೆ ಗಮ್ಮೆಂದು ಎದ್ದಿತು.

“ನೀರು ಎಲ್ಲೀವರೆಗೆ ಬಂದಿತ್ತು?” ಎಂದು ಅಪ್ಪ ಸಣ್ಣ ದನಿಯಲ್ಲಿ ಕೇಳಿದ.

“ಯಾವ ನೀರು ಸಾರ್?”

ಈ ಸಲ ಅಪ್ಪ ನಗಲಿಲ್ಲ.

“ಸ್ವಲ್ಪ ನೀರು ತಾಗಿರಬಹುದಪ್ಪ,” ಎಂದ ಸೆಂಟ್ ಮಾಮ, ಗೇಟಿನ ಕಡೆ ನೋಡುತ್ತ. “ನೀರು ತಾಗದ ಗಾಡಿ ಯಾವುದಿದೆ? ತೊಳೆಯೋದಿಲ್ವಾ?”

“ನೀರೊಳಗೆ ಮುಳುಗಿಸಿ ತೊಳೀತಾರಾ?” ಅಣ್ಣನ ಗಂಟಲು ಕೊನೆಗೂ ಸಿಕ್ಕಿತ್ತು. ಯಾರದೂ ಅಲ್ಲ, ಅವನದೇ.

ಸೆಂಟ್ ಮಾಮ ತಿರುಗಿ ದುರುಗುಟ್ಟಿದ. ಅಣ್ಣ ಅಪ್ಪನ ಬೆನ್ನ ಹಿಂದೆ ಸರಿದ. ಬೆಚ್ಚಿ ಅಣ್ಣನ ಬೆನ್ನ ಹಿಂದೆ ಸರಿದಳು.

ಅಪ್ಪ ಕೀಯನ್ನು ಬಾನೆಟ್ಟಿನ ಮೇಲಿಟ್ಟ. “ಬೇಡ,” ಎಂದ.

“ಇಷ್ಟು ಕಮ್ಮಿಗೆ ಎಲ್ಲಾದ್ರೂ ಸಿಗುತ್ತಾ ಕೇಳ್ಕೊಂಡು ಬನ್ನಿ! ಸಂಜೆ ಹೊತ್ತಿಗೆ ಇರಲ್ಲ ಗಾಡಿ!”

“ಇವರ ಅಮ್ಮ ದಿನಾ ಓಡಿಸಬೇಕಾಗಿರೋ ಗಾಡಿ ಇದು,” ಎಂದ ಅಪ್ಪ. “ಬೇಡ.”

ಗೇಟು ದಾಟುವವರೆಗೂ ಸೆಂಟ್ ಮಾಮನ ಕಣ್ಣು ಬೆನ್ನಿಗೆ ಅಂಟಿಕೊಂಡೇ ಬರುತ್ತಿದೆ ಎಂದು ಬೆಚ್ಚಿಗೆ ಅನಿಸುತ್ತಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಬೀದಿಗೆ ಬರುವಷ್ಟರಲ್ಲಿ ಅಮ್ಮನ ಫೋನ್ ಬಂತು. ಹಿಂದುಗಡೆ ಯಾವುದೋ ಮಗು ಅಳುವುದು ಕೇಳಿಸುತ್ತಿತ್ತು. “ಏನಾಯ್ತು? ಸಿಕ್ತಾ?”

“ಇಲ್ಲ. ಬಣ್ಣ ಚೆನ್ನಾಗಿತ್ತು, ಅಷ್ಟೇ,” ಎಂದ ಅಪ್ಪ. “ಮನೆಗೆ ಬಾ, ಹೇಳ್ತೀನಿ. ಇವಳೇ ಹೇಳ್ತಾಳೆ.”

ಫೋನ್ ಇಟ್ಟು ಅವನು ಬೆಚ್ಚಿಯ ಕಡೆ ತಿರುಗಿದ.

“ನಾಳೆ ಇನ್ನೊಂದು ಗಾಡಿ ನೋಡೋಕಿದೆ. ಯಾರೋ ಟೀಚರ್‌ದಂತೆ, ಚಿಕ್ಕದು. ಬರ್ತೀಯಾ?”

“ನಂಗೆ ಭಯ ಆಗುತ್ತಪ್ಪಾ,” ಎಂದಳು ಬೆಚ್ಚಿ.

“ಗೊತ್ತು. ಅದಕ್ಕೇ ಕರೀತಿರೋದು.”

“ನಾನು?” ಎಂದ ಅಣ್ಣ.

“ನೀನು ಬಾಯಿ ಮನೇಲಿಟ್ಟು ಬಾ.”

ರಸ್ತೆ ದಾಟಬೇಕಿತ್ತು. ಅಪ್ಪ ಕೈ ಚಾಚಿದ, ಬೆಚ್ಚಿ ಹಿಡಿದುಕೊಂಡಳು. ಕಾರ್ಪೆಟ್ಟಿನ ಒದ್ದೆಯನ್ನು ಅವನು ಆಗಲೇ ಕರ್ಚೀಫಿಗೆ ಒರೆಸಿಕೊಂಡಿದ್ದ. ಆದರೂ ಅಂಗೈ ಬೆವರಿನಿಂದ ಒದ್ದೆ. ಇಡೀ ದಿನ ಒಲೆಯ ಮುಂದಿರುವ ಆ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು, ಈಗ ತಣ್ಣಗಿತ್ತು.

ಬೆಚ್ಚಿ ಕತ್ತೆತ್ತಿ ನೋಡಿದಳು. ಅಪ್ಪ ಏನೂ ಆಗದವನ ಹಾಗೆ ಎಡಕ್ಕೂ ಬಲಕ್ಕೂ ಗಾಡಿಗಳನ್ನು ನೋಡುತ್ತಿದ್ದ. ಬಾನೆಟ್ಟು ತಟ್ಟಿ ತಲೆಯಾಡಿಸುವಾಗಲೂ, ಆ ಜೋರು ನಗು ನಗುವಾಗಲೂ ಕೈ ಹೀಗೇ ಇತ್ತೇನೋ. ಅವಳು ಮುಟ್ಟಿ ನೋಡಿರಲಿಲ್ಲ.

ರಸ್ತೆಯ ಆಚೆ ಬದಿ ತಲುಪಿದ ಮೇಲೆ ಅಪ್ಪ ಕೈ ಬಿಡಿಸಿಕೊಂಡು ಪ್ಯಾಂಟಿಗೆ ಒರೆಸಿಕೊಳ್ಳಲು ಹೋದ.

ಬೆಚ್ಚಿ ಬಿಡಲಿಲ್ಲ.