ಒಂದೇ ಬೋಗುಣಿಯ ಊಟ

“ಕೈ ತೊಳ್ಕೊಂಡು ಬಾ, ಅಜ್ಜಿ ಕಾಯ್ತಿದ್ದಾರೆ,” ಎಂದು ರಹಿಮಾ ಇಂಗ್ಲಿಷಿನಲ್ಲಿ ಕೂಗಿದಳು.

ರಹಿಮಾಳ ಮನೆಯಲ್ಲಿ ಬರೆಯುತ್ತಾ ಕೂತಿದ್ದ ಪ್ರಗತಿ ಪೋಸ್ಟರ್ ಬಿಟ್ಟು ಎದ್ದಳು. ಹ್ಯೂಸ್ಟನ್ನಿನ ಅವರ ಶಾಲೆಯಲ್ಲಿ ಇಬ್ಬಿಬ್ಬರಿಗೆ ಒಂದೊಂದು ಪ್ರಾಜೆಕ್ಟ್ ಕೊಟ್ಟಿದ್ದರು. ದೂರದ ಯಾವುದಾದರೂ ಜಿಲ್ಲೆಯ ಬಗ್ಗೆ ಹೇಳಬೇಕು. ಇವರು ಆರಿಸಿಕೊಂಡದ್ದು ಘಾನಾ ದೇಶದ ಉತ್ತರದಲ್ಲಿರುವ, ರಹಿಮಾಳ ಅಜ್ಜಿಯ ಜಿಲ್ಲೆ.

ಅಜ್ಜಿ ಬೆಳಗಿನಿಂದ ಹೇಳಿದ್ದೇ ಹೇಳಿದ್ದು, ರಹಿಮಾ ಅದನ್ನು ಇಂಗ್ಲಿಷಿಗೆ ತಿರುಗಿಸಿದ್ದೇ ತಿರುಗಿಸಿದ್ದು. ಅಲ್ಲಿ ವರ್ಷಕ್ಕೆ ಒಂದೇ ಮಳೆಗಾಲ. ಹೊಲದಲ್ಲಿ ಜೋಳ, ಸಜ್ಜೆ, ತೋಳುದ್ದದ ಗೆಣಸು. ಶಿಯಾ ಮರದ ಕಾಯಿ ಆಯ್ದು, ಬೀಜ ಹುರಿದು ಅರೆದು ಬೆಣ್ಣೆ ತೆಗೆಯುವುದು ಹೆಂಗಸರ ಕೆಲಸ. ಎಷ್ಟೋ ಮಕ್ಕಳ ಓದು ನಡೆಯುವುದು ಆ ಬೆಣ್ಣೆ ಮಾರಿಯೇ. ಪ್ರಗತಿ ಎಲ್ಲವನ್ನೂ ಬಣ್ಣಬಣ್ಣವಾಗಿ ಬರೆದಿದ್ದಳು.

ಚಾಪೆಯ ಮೇಲೆ ಒಂದೇ ಒಂದು ದೊಡ್ಡ ಬೋಗುಣಿ. ಅದರಲ್ಲಿ ನಮ್ಮ ಮುದ್ದೆಯಂಥದ್ದೇ ಬಿಸಿ ಮುದ್ದೆ, ಸುತ್ತ ಸೊಪ್ಪಿನ ಸಾರು. ಅಜ್ಜಿಯೂ ರಹಿಮಾಳೂ ಅದಕ್ಕೇ ಕೈ ಹಾಕಿ ಮುರಿದು ತಿಂದರು. ಅಜ್ಜಿ ಪಕ್ಕದ ಜಾಗ ತಟ್ಟಿ, ನಗುತ್ತಾ ಪ್ರಗತಿಯನ್ನು ಕರೆದರು.

ಪ್ರಗತಿಗೆ ಮೈ ಮುದುರಿತು. ಅವಳ ಮನೆಯಲ್ಲಿ ಲೋಟವನ್ನೂ ಬಾಯಿಗೆ ತಾಗಿಸುವ ಹಾಗಿಲ್ಲ, ಎತ್ತಿಯೇ ಕುಡಿಯಬೇಕು. ಉಂಡ ಕೈ ಪಾತ್ರೆಗೆ ತಾಗಿದರಂತೂ ಮುಗಿಯಿತು, ಅಮ್ಮ ಎಂಜಲು ಎಂದು ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾಳೆ.

“ನಾನು ತಿನ್ನಲ್ಲ. ನೀವಿಬ್ರೂ ಕೈ ಹಾಕಿದ್ದೀರಿ. ಡರ್ಟಿ,” ಎಂದುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಹಿಮಾ ಅದನ್ನು ಅಜ್ಜಿಗೆ ತಿರುಗಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಜ್ಜಿ ಮೊಣಕಾಲು ಹಿಡಿದು ಎದ್ದು, ಒಲೆಯ ಮೇಲಿದ್ದ ಪಾತ್ರೆಯಿಂದ ಬೇರೆ ತಟ್ಟೆಗೆ ಬಡಿಸಿ ತಂದರು.

“ನೀನು ವೆಜಿಟೇರಿಯನ್ ಅಂತ ಅಜ್ಜಿ ಇವತ್ತು ಒಣಮೀನೇ ಹಾಕಿಲ್ಲ,” ಎಂದಳು ರಹಿಮಾ, ಮೆಲ್ಲಗೆ.

ಸಾರು ರುಚಿಯಾಗಿತ್ತು. ಆದರೆ ಪ್ರಗತಿ ತಟ್ಟೆಯಿಂದ ತಲೆ ಎತ್ತದೆ ತಿಂದಳು.

ಸೋಮವಾರ ಟೀಚರ್ ಪೋಸ್ಟರನ್ನು ಬಾಯಿ ತುಂಬಾ ಹೊಗಳಿದರು. ಲಂಚ್‌ನಲ್ಲಿ ಪ್ರಗತಿ ಚಿತ್ರಾನ್ನದ ಡಬ್ಬಿ ತೆರೆದು ರಹಿಮಾಳ ಕಡೆಗೆ ತಳ್ಳಿದಳು. ಇದನ್ನು ಕೊಡಬೇಕೆಂದೇ ಅಮ್ಮನ ಹತ್ತಿರ ಹಟ ಹಿಡಿದು ಮಾಡಿಸಿದ್ದಳು.

“ತಗೋ, ಒಟ್ಟಿಗೆ ತಿನ್ನೋಣ.”

ರಹಿಮಾ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಬೇಡ. ನಾನು ಮುಟ್ಟಿದ್ರೆ ಆಮೇಲೆ ನಿಂಗೆ ತಿನ್ನೋಕಾಗಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಪ್ರಗತಿ ಸಾರಿ ಕೇಳಿ ಹಗುರಾಗುತ್ತಿದ್ದಳೇನೋ. ಪ್ರೀತಿಯಿಂದ ಕರೆದಾಗ ಬಾರದಿದ್ದರೆ ಕರೆದವರಿಗೆ ಹೇಗಾಗುತ್ತದೆಂದು ಪ್ರಗತಿಗೆ ಈಗ ಗೊತ್ತಾಯಿತು. ಬೆಲ್ ಹೊಡೆಯುವವರೆಗೂ ಡಬ್ಬಿ ಇಬ್ಬರ ನಡುವೆ ಹಾಗೇ ಇತ್ತು.