ಪಟ್ಟಿಯ ಏಳನೆಯ ವಿಳಾಸ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಾನು ವಾಚನಾಲಯದ ಬಾಗಿಲು ತೆರೆಯಲು ಬಂದಾಗ ಮೆಟ್ಟಿಲ ಮೇಲೆ ಷಿಜಿನ ಕುಳಿತಿದ್ದಳು. ವಡಗರದ ಆಸ್ಪತ್ರೆಯೊಂದರಲ್ಲಿ ನರ್ಸ್. ಕೈಯಲ್ಲಿ ಫೋನಿತ್ತು.

“ಸೆಕ್ರೆಟರಿ ಚೇಚಿ, ಇವತ್ತಿನ ಪಟ್ಟೀಲಿ ಏಳನೇದು ಯಾರು ಹಾಕಿದ್ದು?”

“ಯಾಕೆ, ಏನಾಯ್ತು?”

“ಪಾಸ್‌ಪೋರ್ಟು, ನರ್ಸಿಂಗ್ ಸರ್ಟಿಫಿಕೇಟು ಎಲ್ಲಾ ಅದಕ್ಕೆ ಹಾಕ್ದೆ, ಫೈಲು ಸಣ್ಣ ಮಾಡಿ ಕೊಡುತ್ತೆ ಅಂತ. ಫೋನಿಗೆ ಬಂದ ಒಟಿಪಿ ನಂಬರ್ ಕೇಳ್ತು, ಕೊಟ್ಟೆ. ಈಗ ನನ್ನ ಮೇಲ್ ಓಪನ್ ಆಗ್ತಾನೇ ಇಲ್ಲ. ಮಂಗಳವಾರದ ಇಂಟರ್‌ವ್ಯೂ ಕಾಗದ ಅದರೊಳಗಿದೆ.”



ನಮ್ಮ ವಾಚನಾಲಯದಿಂದ ಪ್ರತಿ ಭಾನುವಾರ ಏಳು ಗಂಟೆಗೆ ಆರುನೂರು ಜನರ ಫೋನಿಗೆ ಒಂದು ಪಟ್ಟಿ ಹೋಗುತ್ತದೆ. ಹತ್ತು ವೆಬ್‌ಸೈಟ್ ವಿಳಾಸಗಳು. ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ತಾಣ, ಬಾವಿ ತೋಡುವವರ ಬಗ್ಗೆ ಒಂದು ಲೇಖನ, ಅರ್ಜಿಗೆ ಬೇಕಾದಷ್ಟಕ್ಕೆ ಫೋಟೋ ಕುಗ್ಗಿಸುವ ಸಲಕರಣೆ — ಇಂಥವು. ಪ್ರತಿಯೊಂದರ ಕೆಳಗೆ ಎರಡು ಸಾಲು ವಿವರಣೆ. ಕೊನೆಗೆ ಒಂದೇ ಮಾತು: ‘ಇವೆಲ್ಲ ನಾನೇ ಬಳಸಿ ನೋಡಿದವು — ದಾಕ್ಷಾಯಣಿ.’ ನಾಲ್ಕು ವರ್ಷಗಳಿಂದ ಜನ ಪಟ್ಟಿಯನ್ನಲ್ಲ, ಆ ಸಾಲನ್ನು ನಂಬಿದ್ದರು.

ಆರುನೂರು ಜನಕ್ಕೂ ತಕ್ಷಣ ಎಚ್ಚರಿಕೆ ಕಳಿಸಿದೆ. ಒಂಬತ್ತು ಗಂಟೆಯೊಳಗೆ ಹತ್ತೊಂಬತ್ತು ಮಂದಿ ಉತ್ತರ ಬರೆದಿದ್ದರು. ಎಲ್ಲರದೂ ಒಂದೇ ಮಾತು — ನಾವೂ ಹಾಕಿಬಿಟ್ಟೆವು, ಈಗ ಏನು ಮಾಡೋದು?

ಪಟ್ಟಿ ಮೂವರ ಕೈಯಲ್ಲಿ ಮಾತ್ರ ಇತ್ತು. ಬರೆಯುವವರು ದಾಕ್ಷಾಯಣಿ ಟೀಚರ್, ಎಪ್ಪತ್ತೊಂದು ವರ್ಷ. ಫೋನಿಗೆ ಬಾಯಲ್ಲಿ ಹೇಳುತ್ತಾರೆ, ಅದು ಬರೆದುಕೊಳ್ಳುತ್ತದೆ. ಕಳಿಸುವವನು ಅಷ್ಕರ್, ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯವನು. ಮೂರನೆಯವಳು ನಾನು. ಮೂವರಿಗೂ ಒಂದೇ ಪಾಸ್‌ವರ್ಡ್. ಯಾರು ಬರೆದರೂ ಕಾಣುವುದು ವಾಚನಾಲಯದ ಹೆಸರೇ.

ಇಬ್ಬರನ್ನೂ ಕರೆಸಿದೆ. ಟೀಚರ್ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಹೇಳಿದರು: “ಏಳನೇದು ನಂದಲ್ಲ.”

ಷಿಜಿನ ಅಷ್ಕರನತ್ತ ತಿರುಗಿದಳು. “ಊರಿನವರ ಕಾಗದ ಪತ್ರ ಎಲ್ಲಾ ನಿನ್ನ ಮಿಷನ್ ಮೇಲೇ ಹೋಗೋದು. ಅದು ಸಾಲದು ಅಂತ ಇದೂ ಬೇಕಾಯ್ತಾ?”

ಅಷ್ಕರ್ ಕೈ ಚಾಚಿದ. “ನಾನಲ್ಲ. ನಿನ್ನ ಫೋನ್ ಇಲ್ಲಿ ಕೊಡು, ಮೊದಲು ಮೇಲ್ ವಾಪಸ್ ತರೋಕಾಗುತ್ತಾ ನೋಡ್ತೀನಿ.”

“ನಿನ್ನ ಕೈಗೆ ಕೊಡ್ಬೇಕಾ?”

“ಕೊಡು ಮೋಳೇ,” ಎಂದಿತು ಪತ್ರಿಕೆಗಳ ಮೇಜಿನಿಂದ ಒಂದು ದನಿ. ಊರಿಗೆಲ್ಲ ಅಣ್ಣನಾದ ಚಾತ್ತುಕುಟ್ಟಿ ಏಟ್ಟ. ರೈಲಿನಲ್ಲಿ ಅಂಚೆ ವಿಂಗಡಿಸುತ್ತ ಮೂವತ್ತೆಂಟು ವರ್ಷ ಕಳೆದವರು. ತಪ್ಪು ವಿಳಾಸ ಬರೆದವರ ಮನಸ್ಸನ್ನೂ ಓದಬಲ್ಲರು ಎಂದು ಊರಲ್ಲಿ ಮಾತಿದೆ. “ನಾವೆಲ್ಲ ಇಲ್ಲೇ ಇದ್ದೀವಲ್ಲ. ಅವನು ಓಡಿಹೋಗಲ್ಲ.”

ಅಷ್ಕರ್ ಕೆಲಸಕ್ಕೆ ಕುಳಿತ. ಏಟ್ಟ ಕುರ್ಚಿ ಎಳೆದುಕೊಂಡರು.

“ಅಷ್ಕರೇ, ಕಳಿಸೋಕೆ ಮುಂಚೆ ಓದಿದ್ಯಾ?”

“ಅಕ್ಷರ ತಪ್ಪಿದ್ಯಾ ಅಂತ ನೋಡ್ದೆ, ಅಷ್ಟೇ. ಟೀಚರ್ ಬಳಸಿ ನೋಡಿದ್ದನ್ನ ನಾನ್ಯಾಕೆ ಮತ್ತೆ ನೋಡ್ಲಿ?”

“ಸೆಕ್ರೆಟರಿ, ನೀನು?”

“ನನ್ನನ್ನೂ ಕೇಳ್ತೀರಾ ಏಟ್ಟ?”

“ಬಾಗಿಲ ಕೀ ಇರೋರ್ನೆಲ್ಲ ಕೇಳ್ಬೇಕು.”

“ನಾನು ಪಟ್ಟಿ ತೆರೆದೇ ನೋಡಿಲ್ಲ,” ಎಂದೆ.

ಅವರು ಹಳೆಯ ಪಟ್ಟಿಗಳ ಕಡತ ಕೇಳಿದರು. ಪ್ರತಿ ವಾರದ್ದನ್ನೂ ಒಂದು ಪ್ರತಿ ತೆಗೆದು ಇಡುತ್ತೇವೆ. ಅರ್ಧ ಗಂಟೆ ಒಂದೊಂದೇ ಹಾಳೆ ತಿರುವಿದರು. ನನ್ನ ಫೋನಿಗೆ ಮತ್ತೆ ಮತ್ತೆ ಸಂದೇಶ ಬರುತ್ತಿತ್ತು — ಮೋಸಹೋದವರು ಈಗ ಇಪ್ಪತ್ತಮೂರು, ಇಪ್ಪತ್ತಾರು. ಕೊನೆಗೆ ಏಟ್ಟ ಒಂದು ಹಾಳೆ ಹಿಡಿದು ಟೀಚರ್ ಬಳಿ ಹೋದರು.

“ಟೀಚರೇ, ಸರಿಯಾಗಿ ನೋಡಿ ಹೇಳಿ. ಇದರಲ್ಲಿ ಏಳನೇದು ನೀವು ಬರೆದದ್ದಲ್ವಾ?”

ಟೀಚರ್ ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು. “ಅಲ್ಲ ಅಂದ್ನಲ್ಲ ಚಾತ್ತೂ.”

“ಮೂರನೇದು?”

“ನಂದೇ.”

“ಐದು? ಒಂಬತ್ತು?”

“ನಂದೇ. ಎಷ್ಟು ಸಲ ಕೇಳ್ತೀಯ?”

ಅಷ್ಟರಲ್ಲಿ ಅಷ್ಕರ್ ಉಸಿರು ಬಿಟ್ಟ. “ಮೇಲ್ ವಾಪಸ್ ಬಂತು. ಇಂಟರ್‌ವ್ಯೂ ಕಾಗದಾನೂ ಇದೆ. ಆದ್ರೆ ಪಾಸ್‌ಪೋರ್ಟ್ ಪ್ರತಿ ಅವರ ಹತ್ರ ಹೋಗಿಬಿಟ್ಟಿದೆ, ಅದನ್ನ ವಾಪಸ್ ತರೋಕಾಗಲ್ಲ. ಪೊಲೀಸರಿಗೆ ಇವತ್ತೇ ಬರೆದುಕೊಡ್ಬೇಕು.” ಷಿಜಿನ ತನ್ನ ಫೋನು ತೆಗೆದುಕೊಂಡು ತಲೆ ತಗ್ಗಿಸಿದಳು.

“ಎಲ್ಲರೂ ಆ ವಿಳಾಸ ನೋಡಿದ್ರಿ,” ಎಂದರು ಏಟ್ಟ. “ಕೆಳಗಿನ ಎರಡು ಸಾಲು ಯಾರೂ ನೋಡ್ಲಿಲ್ಲ. ಹಳೇದು ಕೇಳಿ. ಮೀನಿನ ಹೆಸರು ಹೇಳೋ ತಾಣ — ‘ಚೆನ್ನಾಗಿದೆ, ಆದರೆ ಮತ್ತಿಗೂ ಅಯಿಲಕ್ಕೂ ವ್ಯತ್ಯಾಸ ಗೊತ್ತಿಲ್ಲ.’ ಬಸ್ಸಿನ ವೇಳೆ ಹೇಳೋದು — ‘ಕುಟ್ಯಾಡಿ ಬಸ್ಸು ಇದರ ಲೆಕ್ಕದಲ್ಲೇ ಇಲ್ಲ.’ ನಾಲ್ಕು ವರ್ಷದಲ್ಲಿ ಟೀಚರ್ ಕೊಂಕು ತೆಗೆಯದೆ ಒಂದನ್ನೂ ಬಿಟ್ಟಿಲ್ಲ. ಬಳಸಿದವರಿಗೆ ತಾನೆ ಕೊಂಕು ಕಾಣೋದು? ಎರಡು ತಿಂಗಳ ಹಿಂದೆ ಬರೀ ಹೊಗಳಿಕೆಯ ಸಾಲು ಒಂದು ಬಂತು. ಆಮೇಲೆ ಎರಡು. ಇವತ್ತು ನಾಲ್ಕು — ಮೂರು, ಐದು, ಏಳು, ಒಂಬತ್ತು. ನಾಲ್ಕಕ್ಕೂ ಒಂದೇ ಧಾಟಿ. ಅದರಲ್ಲಿ ಮೂರು ತಮ್ಮವೇ ಅಂತ ಟೀಚರೇ ಈಗ ಒಪ್ಪಿದ್ರು.”

“ಅಂದ್ರೆ?” ಎಂದೆ.

“ಬೇರೆ ಯಾರೂ ಏನೂ ಬದಲಾಯಿಸಿಲ್ಲ. ಏಳನೇದು ಹಾಕಿದ್ದು ದಾಕ್ಷಾಯಣಿ ಟೀಚರೇ. ಬಳಸಿ ನೋಡದೆ ಹಾಕಿದ್ದು.” ಅವರು ಟೀಚರ್ ಕೈಯಿಂದ ಹಾಳೆಯನ್ನು ಮೆಲ್ಲನೆ ತೆಗೆದುಕೊಂಡರು. “ಇದು ಇವತ್ತಿನ ಪಟ್ಟಿ ಅಲ್ಲ. ಎರಡು ವರ್ಷದ ಹಿಂದಿನದು. ಇದರಲ್ಲಿ ಏಳನೇದು ನಿಮ್ಮ ಹಕ್ಕಿ ಕೂಗಿನ ತಾಣ, ನೀವು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು. ನಿಮಗೆ ಓದೋಕಾಗ್ತಿಲ್ಲ.”



“ನಡುವೆ ಒಂದು ಕಪ್ಪು ಕಲೆ,” ಎಂದರು ಟೀಚರ್. “ಅದರ ಸುತ್ತ ಮಾತ್ರ ಕಾಣುತ್ತೆ. ಆ ವಿಳಾಸ ಯಾರೋ ಓದುಗರು ಕಳಿಸಿದ್ರು, ತುಂಬ ಹೊಗಳಿ ಬರೆದಿದ್ರು. ಫೋನು ಓದಿ ಹೇಳ್ತು, ಅದನ್ನೇ ಹಾಕ್ದೆ. ಕಣ್ಣು ಹೋಗ್ತಿದೆ ಅಂದ್ರೆ ಪಟ್ಟಿ ಇನ್ನೊಬ್ಬರ ಕೈಗೆ ಕೊಡ್ತೀರಿ. ಆಮೇಲೆ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ?”

“ಇಷ್ಟು ಹೊತ್ತು ಸುಮ್ನಿದ್ರಲ್ಲ ಟೀಚರ್,” ಎಂದ ಅಷ್ಕರ್. ದನಿ ಏರಿರಲಿಲ್ಲ. “ನನ್ನನ್ನ ಕಳ್ಳ ಅಂದಾಗಲೂ.”

ಟೀಚರ್ ಎದ್ದು, ಮೇಜಿನ ಅಂಚು ತಡವುತ್ತ ಅವನ ಬಳಿ ಬಂದರು. “ತಪ್ಪಾಯ್ತು ಅಷ್ಕರೇ. ಹೆದರಿದ್ದೆ.”

 ಅವನು ಅವರಿಗೆಂದು ಪಕ್ಕದ ಕುರ್ಚಿ ಎಳೆದ.

“ಅದು ಆಮೇಲೆ ನೋಡೋಣ. ಎರಡು ತಿಂಗಳಲ್ಲಿ ನೋಡದೆ ಹಾಕಿದ್ದು ಯಾವ್ಯಾವುದು, ಹೇಳಿ. ಒಂದೊಂದನ್ನೂ ತೆಗೆದು ನೋಡ್ಬೇಕು.”

ಟೀಚರ್ ಕುಳಿತು ಕಣ್ಣು ಮುಚ್ಚಿದರು. ಹೇಳತೊಡಗಿದರು — ವಾರ, ಸಂಖ್ಯೆ, ವಿಳಾಸ. ಏಟ್ಟ ಕಡತದೊಂದಿಗೆ ತಾಳೆ ನೋಡುತ್ತ ಹೋದರು. ಹದಿನೇಳು ಇದ್ದವು. ಒಂದನ್ನೂ ಟೀಚರ್ ಮರೆತಿರಲಿಲ್ಲ.