ಕಾಲುಹಗ್ಗದ ತುದಿ

ಹಾಯಿ ಮಡಚಲು ನಾವು ಹಡಗಿನ ಕೂವೆಮರ ಹತ್ತಿ, ಅಡ್ಡತೊಲೆಯ ಕೆಳಗೆ ಇಳಿಬಿಟ್ಟ ಕಾಲುಹಗ್ಗದ ಮೇಲೆ ಸಾಲಾಗಿ ನಿಲ್ಲುತ್ತೇವೆ. ಅದಕ್ಕೆ ಕಾಲಿಡುವ ಮುಂಚೆ 'ಬಂದೆ' ಎಂದು ಕೂಗಲೇಬೇಕು. ಇಲ್ಲದಿದ್ದರೆ ಹೊಸದಾಗಿ ಬಿದ್ದ ಭಾರಕ್ಕೆ ಹಗ್ಗ ಉಳಿದವರ ಕಾಲಡಿ ಮೇಲಕ್ಕೆ ಜಿಗಿಯುತ್ತದೆ. ಕೇಪ್ ಹಾರ್ನ್ ಭೂಶಿರ ದಾಟಿದ ದಿನ ನಾನು ಕೂಗಲಿಲ್ಲ. ತುದಿಯಲ್ಲಿದ್ದ ರೂನಾರ್ ಸಮುದ್ರಕ್ಕೆ ಬಿದ್ದ. ಗಾಳಿ ಹೊಡೆದು ಬಿದ್ದ ಎಂದರು. ನಾನೂ ಹಾಗೇ ಅಂದೆ.

ನಾಲ್ಕು ದಿನದ ಮೇಲೆ, ಮಟಮಟ ಮಧ್ಯಾಹ್ನ, ನಮ್ಮ ಸಾಲಿನಲ್ಲಿ ಉಳಿದ ಐವರೂ ಹಗ್ಗದ ಮೇಲಿದ್ದಾಗ ಹಗ್ಗ ಜಿಗಿಯಿತು.

"ಕೂಗ್ದೆ ಹತ್ತಿದ್ದು ಯಾವನೋ?" ಎಂದ ಪಕ್ಕದ ಟೋರ್ಸ್ಟನ್. "ನಾಲಿಗೆ ಹಾಸಿಗೇಲಿ ಬಿಟ್ಟು ಬಂದ್ಯಾ?"

ಅವನು ತಲೆ ಎಣಿಸಿದ, ಇನ್ನೊಮ್ಮೆ ಎಣಿಸಿದ, ಮತ್ತೆ ಹಾಯಿ ಮಡಚತೊಡಗಿದ. ಚಳಿಗೆ ನನ್ನ ಬೆರಳುಗಳು ಮರಗಟ್ಟಿದ್ದವು. ಹೆದರಿಕೆಯೂ ಆಗಲಿಲ್ಲ.

ಊರಿನ ಬಂದರಾದ ಮರಿಯೆಹಾಮ್ನ್ ತಲುಪಿದಾಗ ರೂನಾರನ ತಾಯಿ ದಡದಲ್ಲಿ ಕಾದಿದ್ದಳು. ಸುದ್ದಿ ಅವಳಿಗೆ ಮೊದಲೇ ಮುಟ್ಟಿತ್ತು.

"ಅವ್ನು ನಿಲ್ತಿದ್ದ ಜಾಗ ಒಂದ್ಸಲ ತೋರ್ಸಪ್ಪಾ," ಎಂದಳು.

ಕೈಯೆತ್ತಿ ತೋರಿಸಿದೆ. ಗಾಳಿ ಇರಲಿಲ್ಲ, ಎಲ್ಲರೂ ಇಳಿದಾಗಿತ್ತು. ಹಗ್ಗದ ಆ ತುದಿ ಮಾತ್ರ, ಒಬ್ಬ ಆಳು ನಿಂತರೆ ಎಷ್ಟು ಬಾಗುತ್ತದೋ ಅಷ್ಟು, ಕೆಳಕ್ಕೆ ಬಾಗಿಕೊಂಡಿತ್ತು.